ಪೆಂಡಾಲಿನ ಕನ್ನಡ ಸಾಕು, ಪರಿಷೆಯ ಕನ್ನಡ ಬೇಕು!



ನವೆಂಬರ್ ಬಂತೆಂದರೆ ಬೆಂಗಳೂರಿನ ಬೀದಿ ಬೀದಿಯಲ್ಲಿ ಹಳದಿ ಕೆಂಪು ಬಾವುಟ. ಆಟೋಗಳಿಗೆ ತೋರಣ, ವೃತ್ತಗಳಲ್ಲಿ ತಾಯಿ ಭುವನೇಶ್ವರಿಯ ಪಟ, ಸಂಜೆಯಾಯಿತೆಂದರೆ ಧ್ವನಿವರ್ಧಕದ ಅಬ್ಬರ. ಇದು ಬೇಡವೆಂದು ಯಾವ ಕನ್ನಡಿಗನೂ ಹೇಳುವುದಿಲ್ಲ, ಹೇಳಲೂ ಬಾರದು. ಆದರೆ ಡಿಸೆಂಬರ್ ಹೊತ್ತಿಗೆ ಅದೇ ಬಾವುಟ ಬಣ್ಣ ಕಳೆದುಕೊಂಡು, ಅಂಚು ಹರಿದು, ಕಂಬದ ಮೇಲೆ ಅನಾಥವಾಗಿ ನೇತಾಡುತ್ತಿರುತ್ತದಲ್ಲ, ಆಗ ಅದನ್ನು ಗೌರವದಿಂದ ಇಳಿಸಿ ಮಡಿಸಿಡುವ ಕೈ ಎಲ್ಲಿ ಹೋಯಿತು? ಏರಿಸುವಾಗ ಫೋಟೋಗೆ ನಿಂತವರು ಐವತ್ತು ಜನ, ಇಳಿಸುವಾಗ ಒಬ್ಬನೂ ಇಲ್ಲ! ನಮ್ಮ ಕನ್ನಡಾಭಿಮಾನದ ಕಥೆ ಇಷ್ಟೇ ಏನು?

ಬೆಂಗಳೂರಿನ ಹಬ್ಬಗಳ ವಿಷಯ ಎತ್ತಲು ಶೆಟ್ಟಿಕೊಪ್ಪದಲ್ಲಿ ಕೂತ ಮುದ್ರಣಾಲಯದವನಿಗೆ ಏನು ಹಕ್ಕು ಎಂದು ನೀವು ಕೇಳಬಹುದು. ಹಕ್ಕು ಇದೆ ಸ್ವಾಮಿ. ಪಿಯುಸಿ ಮುಗಿಸಿ ಪ್ರೆಸ್ಸಿನ ಕರಡು ತಿದ್ದಲು ಕೂತವನು ನಾನು. ಅಂದಿನಿಂದ ಇಂದಿನವರೆಗೆ ರಾಜಧಾನಿಯ ಸಂಘ ಸಂಸ್ಥೆಗಳ ಕಾಗದ ನನ್ನ ಕೈ ಮೇಲೆ ಹಾದು ಹೋಗುತ್ತಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಹುಡುಗರು ದಸರೆಗೆ ಊರಿಗೆ ಬಂದಾಗ, ತಮ್ಮ ಬಡಾವಣೆಯ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ, ಕರಪತ್ರ, ರಸೀದಿ ಪುಸ್ತಕಗಳನ್ನು ನಮ್ಮಂಥ ಊರ ಪ್ರೆಸ್ಸುಗಳಲ್ಲಿ ಮಾಡಿಸಿಕೊಂಡು ಹೋಗುತ್ತಾರೆ. ಸಾಲವೋ ನಗದೋ, ಗುರುತಿನವನಲ್ಲವೇ? ಯಾವ ಹಬ್ಬದಲ್ಲಿ ಏನು ನಡೆಯುತ್ತದೆ ಎಂಬುದು ಹಬ್ಬಕ್ಕೆ ಮೊದಲೇ ನಮಗೆ ಗೊತ್ತಾಗುತ್ತದೆ. ಕಾಗದ ಸುಳ್ಳು ಹೇಳುವುದಿಲ್ಲ.

ಆ ಕಾಗದ ಹೇಳುವುದೇನು? ಆಮಂತ್ರಣ ಪತ್ರಿಕೆಯ ಮುಕ್ಕಾಲು ಪಾಲು ಗಣ್ಯರ ಹೆಸರು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತರು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ನಂತರ ಮನರಂಜನಾ ಕಾರ್ಯಕ್ರಮ.’ ಹಾಡುವವರು ಯಾರು, ಕುಣಿಯುವವರು ಯಾರು, ಡೊಳ್ಳು ಬಾರಿಸುವ ತಂಡ ಯಾವ ಊರಿನದು ಎಂಬುದಕ್ಕೆ ಜಾಗವೇ ಇಲ್ಲ! ಹೀಗೆಯೇ ಬರೆದುಕೊಂಡು ಬಂದ ಒಂದು ಸಂಘದ ಹುಡುಗರನ್ನು ನಾನು ಕೇಳಿದೆ: ‘ಕಲಾವಿದರ ಹೆಸರು ಹಾಕುವುದಿಲ್ಲವೇನಪ್ಪ?’ ಬಂದ ಉತ್ತರ: ‘ಅವರು ದುಡ್ಡು ತಗೊಂಡು ಹಾಡೋರು ಸಾರ್, ಹೆಸರು ಯಾಕೆ?’ ಮಾತು ಮುಗಿಯಿತು. ದುಡ್ಡು ಕೊಟ್ಟವನ ಹೆಸರು ದಪ್ಪಕ್ಷರದಲ್ಲಿ, ಕಲೆ ಕೊಟ್ಟವನಿಗೆ ಹೆಸರೇ ಇಲ್ಲ. ಇದನ್ನು ನಾವು ಪೆಂಡಾಲಿನ ಕನ್ನಡ ಎಂದು ಕರೆಯುತ್ತೇವೆ. ಕಟ್ಟುವುದು ಒಂದು ದಿನ, ಕೂಗುವುದು ಒಂದು ದಿನ, ಬಿಚ್ಚುವುದು ಒಂದು ದಿನ. ನಾಲ್ಕನೆಯ ದಿನ ಅಲ್ಲಿ ಗುಂಡಿ ಮಾತ್ರ ಉಳಿದಿರುತ್ತದೆ.

ಇನ್ನು ಫ್ಲೆಕ್ಸ್ ಎಂಬ ಮಹಾಮಾರಿ. ಒಬ್ಬ ನಾಯಕನ ಸುತ್ತ ನಲವತ್ತು ಮುಖಗಳು, ಮೂಲೆಯಲ್ಲಿ ಕನ್ನಡಾಂಬೆ! ‘ಹಾರ್ದಿಕ ಶುಭಾಶಯಗಳು’ ಎಂಬ ಎರಡು ಪದದಲ್ಲಿ ಎರಡು ಕಾಗುಣಿತದ ತಪ್ಪು. 2018ರ ಆಗಸ್ಟಿನಲ್ಲಿ ಹೈಕೋರ್ಟು ಛೀಮಾರಿ ಹಾಕಿದ ಮೇಲೆ ಪಾಲಿಕೆಯವರು ಬೆಂಗಳೂರಿನ ಫ್ಲೆಕ್ಸುಗಳನ್ನು ಕಿತ್ತು ಹಾಕಿದರು. ಕೆಲವು ದಿನ ಊರು ತನ್ನ ಮರಗಳನ್ನು ತಾನೇ ನೋಡಿಕೊಂಡಿತು. ಆಮೇಲೆ? ಮತ್ತೆ ಅದೇ ಮುಖಗಳು. ಮುದ್ರಣದಲ್ಲೇ ಅನ್ನ ತಿನ್ನುವ ನಾನು ಇದನ್ನು ಹೇಳಿದರೆ ನನ್ನ ವೃತ್ತಿಬಾಂಧವರಿಗೆ ಬೇಸರವಾದೀತು. ಆದರೂ ಹೇಳುತ್ತೇನೆ: ಕನ್ನಡದ ಹೆಸರಿನಲ್ಲಿ ಅಚ್ಚಾಗುವ ಕಾಗದದಲ್ಲಿ ಕನ್ನಡವೇ ತಪ್ಪಾಗಿದ್ದರೆ, ಅದನ್ನು ಅಚ್ಚು ಹಾಕದಿರುವುದೇ ಕನ್ನಡ ಸೇವೆ.

ಹೋರಾಟ ಹುಟ್ಟಿದ್ದು ಎಲ್ಲಿ?

ಇಂದಿನ ತರುಣರಿಗೆ ಒಂದು ಹಳೆಯ ಸಂಗತಿ ನೆನಪಿಸಬೇಕು. ಬೆಂಗಳೂರಿನಲ್ಲಿ ಕನ್ನಡ ಚಳವಳಿ ಬೀದಿಗೆ ಬಂದದ್ದು ಬಸ್ಸಿಗೆ ಕಲ್ಲು ಹೊಡೆಯುವುದರಿಂದಲ್ಲ, ಬೋರ್ಡಿಗೆ ಮಸಿ ಬಳಿಯುವುದರಿಂದಲೂ ಅಲ್ಲ. ಒಂದು ಹಬ್ಬದ ವೇದಿಕೆಯ ಪ್ರಶ್ನೆಯಿಂದ!

ರಾಮನವಮಿ ಬಂದರೆ ಬೆಂಗಳೂರು ಸಂಗೀತದ ಊರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗಳ ಹೆಸರು ದೇಶಕ್ಕೆಲ್ಲ ಗೊತ್ತು. ಅದನ್ನು ನಡೆಸುವ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಕಟ್ಟಿದ್ದು. ಪೇಟೆ ಪೇಟೆಗಳಲ್ಲೂ ಪಾನಕ, ಕೋಸಂಬರಿ, ಮಜ್ಜಿಗೆ, ಚಪ್ಪರದ ಕೆಳಗೆ ಹಾಡು. 1960ರ ದಶಕದ ಮೊದಲ ವರ್ಷಗಳಲ್ಲಿ ಇಂಥ ರಾಮೋತ್ಸವದ ಕಚೇರಿಗಳಲ್ಲಿ ಹೊರಗಿನ ವಿದ್ವಾಂಸರಿಗೆ ಮಣೆ, ಕನ್ನಡನಾಡಿನ ಕಲಾವಿದರಿಗೆ ಕಡೆಯ ಸಾಲು ಎಂಬ ನೋವು ಹೊಗೆಯಾಡುತ್ತಿತ್ತು. ಕಾದಂಬರಿಕಾರ ಅ.ನ. ಕೃಷ್ಣರಾಯರು, 1960ರ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ಆ ನೋವಿಗೆ ದನಿ ಕೊಟ್ಟರು. ನಮ್ಮ ನೆಲದ ಉತ್ಸವದಲ್ಲಿ ನಮ್ಮ ಕಲಾವಿದರಿಗೆ ಜಾಗ ಕೊಡಿ, ಕನ್ನಡದ ಕೃತಿಗಳನ್ನು ಹಾಡಿ ಎಂದು ಪ್ರತಿಭಟನೆಗೆ ಇಳಿದರು. ನಮ್ಮ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರಂಥವರು ಜೊತೆಯಾದರು. ಅಲ್ಲಿಂದ ಚಿತ್ರಮಂದಿರ, ಅಲ್ಲಿಂದ ಕಾರ್ಖಾನೆಯ ನೌಕರಿ, ಅಲ್ಲಿಂದ 1982ರ ಗೋಕಾಕ್ ಚಳವಳಿ. ಬಳ್ಳಿ ಹಬ್ಬಿದ್ದು ಹೀಗೆ.

ನೋಡಿ, ಅ.ನ.ಕೃ. ಕೇಳಿದ್ದು ಯಾರನ್ನೂ ಓಡಿಸಿ ಎಂದಲ್ಲ. ಕರ್ನಾಟಕ ಸಂಗೀತಕ್ಕೆ ಪಿತಾಮಹ ಎಂದು ಎಲ್ಲರೂ ಕೈಮುಗಿಯುವ ಪುರಂದರದಾಸರು ಬರೆದದ್ದು ಕನ್ನಡದಲ್ಲಿ. ಚೆನ್ನೈನ ಮಗುವೂ ಸಂಗೀತದ ಮೊದಲ ಗೀತೆ ಕಲಿಯುವುದು ದಾಸರದನ್ನೇ. ಹಾಗಿರುವಾಗ ಬೆಂಗಳೂರಿನ ವೇದಿಕೆಯಲ್ಲಿ ಕನ್ನಡಕ್ಕೆ ಜಾಗ ಕೇಳಿಕೊಳ್ಳಬೇಕಾಗಿ ಬಂತಲ್ಲ ಎಂಬುದು ಅವರ ಸಂಕಟ. ಅವರ ಪ್ರಶ್ನೆ ಒಂದೇ: ಈ ಹಬ್ಬದಲ್ಲಿ ಕನ್ನಡಿಗ ಯಜಮಾನನೋ, ಪ್ರೇಕ್ಷಕನೋ?

ಇಂದು ಅದೇ ಪ್ರಶ್ನೆಯನ್ನು ನಾವು ಅವರಿವರಿಗೆ ಕೇಳುವ ಮೊದಲು ನಮ್ಮ ರಾಜ್ಯೋತ್ಸವಕ್ಕೇ ಕೇಳಬೇಕಾಗಿದೆ. ಅಣ್ಣಮ್ಮ ದೇವಿಯನ್ನು ಬಡಾವಣೆಗೆ ಕರೆತಂದು ಮೂರು ದಿನ ಕೂರಿಸಿ, ಅನ್ನಸಂತರ್ಪಣೆ ಮಾಡಿ, ಜೊತೆಗೆ ರಾಜ್ಯೋತ್ಸವವನ್ನೂ ಆಚರಿಸುವುದು ಬೆಂಗಳೂರಿನ ವಾಡಿಕೆ. ಒಳ್ಳೆಯ ವಾಡಿಕೆಯೇ. ಆದರೆ ರಾತ್ರಿ ಆರ್ಕೆಸ್ಟ್ರಾ ಶುರುವಾದ ಮೇಲೆ ಮೂರು ಕನ್ನಡ ಹಾಡಿಗೆ ಒಂದು ತೆಲುಗು, ಒಂದು ತಮಿಳು, ಕುಣಿಯಲು ಒಂದು ಹಿಂದಿ. ವೇದಿಕೆಯ ಹಿಂದೆ ‘ಕನ್ನಡವೇ ಉಸಿರು’ ಎಂಬ ಬಟ್ಟೆ! ಯಾರು ಒತ್ತಾಯ ಮಾಡಿದರು? ಯಾವ ಪರಭಾಷಿಕ ಬಂದು ಕುತ್ತಿಗೆ ಹಿಡಿದ? ಕೆಳಗೆ ನಿಂತು ‘ಒನ್ಸ್ ಮೋರ್’ ಎಂದವರು ನಾವೇ ಅಲ್ಲವೇ?

ಪರಿಷೆ ಕಲಿಸುವ ಪಾಠ

ಈಗ ಇನ್ನೊಂದು ಹಬ್ಬಕ್ಕೆ ಬನ್ನಿ. ರಾಜ್ಯೋತ್ಸವದ ಕೆಲವೇ ವಾರಗಳ ಆಚೆ, ಕಾರ್ತಿಕ ಮಾಸದ ಕಡೆಯ ಸೋಮವಾರ, ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲವನ್ನು ರಾತ್ರಿ ಹೊತ್ತು ಬಸವವೊಂದು ಮೇಯುತ್ತಿತ್ತಂತೆ, ಹಿಡಿಯಲು ಹೋದರೆ ಕಲ್ಲಾಯಿತಂತೆ, ರೈತರು ತಪ್ಪಾಯಿತೆಂದು ಮೊದಲ ಬೆಳೆಯನ್ನು ಅದಕ್ಕೇ ಒಪ್ಪಿಸುತ್ತ ಬಂದರಂತೆ. ಕೆಂಪೇಗೌಡರ ಹೆಸರೂ ಆ ಗುಡಿಗೆ ಅಂಟಿಕೊಂಡಿದೆ. ಕಥೆ ಎಷ್ಟು ನಿಜವೋ ಬಸವಣ್ಣನೇ ಬಲ್ಲ, ಪರಿಷೆಯಂತೂ ನಿಜ. ಮಾಗಡಿ, ಕನಕಪುರ, ರಾಮನಗರ, ಕೋಲಾರ, ಚಿಂತಾಮಣಿ, ತುಮಕೂರಿನ ಕಡೆಯಿಂದ ಮೂಟೆಗಳು ಬರುತ್ತವೆ. ತಮಿಳುನಾಡು, ಆಂಧ್ರದ ಕಡೆಯಿಂದಲೂ ಬರುತ್ತವೆ. ಹಸಿಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ. ಎರಡು ಬೀಜದ್ದು, ಮೂರು ಬೀಜದ್ದು. ಗುಡ್ಡೆ ಗುಡ್ಡೆಯಾಗಿ ಸುರಿದುಕೊಂಡು ರಸ್ತೆಯ ಎರಡೂ ಬದಿ ಕೂರುತ್ತಾರೆ.

ಅಲ್ಲಿ ಹೋಗಿ ಕಿವಿಗೊಟ್ಟು ಕೇಳಿ. ‘ಸೇರು ಎಷ್ಟಮ್ಮ?’ ‘ಕೊಸರು ಹಾಕಮ್ಮ.’ ‘ತಿಂದು ನೋಡಿ ಸ್ವಾಮಿ, ಆಮೇಲೆ ಕಾಸು ಕೊಡಿ.’ ಗಡಿಯಾಚೆಯಿಂದ ಬಂದ ಮುದುಕಿಯೂ ಈ ಮಾತು ಕಲಿತಿರುತ್ತಾಳೆ. ಯಾವ ಸಂಘದವರೂ ಹೋಗಿ ಆಕೆಗೆ ‘ಕನ್ನಡ ಮಾತಾಡು’ ಎಂದು ಗದರಿಸಲಿಲ್ಲ. ಉತ್ತರದಿಂದ ಬಂದು ಗಣಕಯಂತ್ರದ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿಯೂ ಬೆರಳು ಮಡಚಿ ‘ಅರ್ಧ ಸೇರು ಕೊಡಿ’ ಎನ್ನುತ್ತಾಳೆ. ಯಾಕೆ? ಅಲ್ಲಿ ಕನ್ನಡವಿಲ್ಲದೆ ಕೊಸರು ಸಿಗುವುದಿಲ್ಲ! ಅಲ್ಲಿ ಕನ್ನಡ ಪಟದಲ್ಲಿ ಇಟ್ಟು ಹಾರ ಹಾಕಿದ ಭಾಷೆಯಲ್ಲ. ಸೇರು ಹಿಡಿದು ಅಳೆಯುವ ಭಾಷೆ, ಚೌಕಾಸಿ ಮಾಡುವ ಭಾಷೆ, ಮಗುವನ್ನು ಬೆಂಡು ಬತ್ತಾಸಿನ ಅಂಗಡಿಯಿಂದ ಎಳೆದುಕೊಂಡು ಹೋಗುವ ಭಾಷೆ. ಇದನ್ನು ನಾವು ಪರಿಷೆಯ ಕನ್ನಡ ಎನ್ನುತ್ತೇವೆ.

ಇನ್ನೊಂದು ಮಾತು. ಕಡಲೆಕಾಯಿ ನಮ್ಮ ನೆಲದ ಬೆಳೆಯೇ ಅಲ್ಲ ಮಾರಾಯರೇ. ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದದ್ದು. ಬಂದ ಕಾಯಿಗೆ ನಮ್ಮ ಹಿರಿಯರು ಕನ್ನಡದ ಹೆಸರಿಟ್ಟರು, ಹೊಲದಲ್ಲಿ ಜಾಗ ಕೊಟ್ಟರು, ಬಸವಣ್ಣನಿಗೆ ನೈವೇದ್ಯ ಮಾಡಿದರು, ಅದರ ಹೆಸರಲ್ಲೇ ಪರಿಷೆ ಕಟ್ಟಿದರು. ಹೊರಗಿನಿಂದ ಬಂದದ್ದನ್ನು ನಮ್ಮದು ಮಾಡಿಕೊಳ್ಳುವ ಧೈರ್ಯ ಅವರಿಗಿತ್ತು. ನಮಗೆ ಆ ಧೈರ್ಯ ಎಲ್ಲಿ ಹೋಯಿತು? ಬಂದವನನ್ನು ಬೈಯುತ್ತೇವೆ, ಇಲ್ಲವೇ ಅವನ ಭಾಷೆಯಲ್ಲೇ ಅವನ ಹಿಂದೆ ಹೋಗುತ್ತೇವೆ. ಬೈಯುವುದಕ್ಕೂ ಬಾಲ ಹಿಡಿಯುವುದಕ್ಕೂ ನಡುವೆ ಒಂದು ದಾರಿ ಇದೆ. ಪರಿಷೆಯವರು ಹಿಡಿದದ್ದು ಆ ದಾರಿ.

ಕರಗದ ಬುದ್ಧಿ

ಬೆಂಗಳೂರು ಕರಗವನ್ನು ನೋಡಿ. ಚೈತ್ರ ಪೂರ್ಣಿಮೆಯ ರಾತ್ರಿ, ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆಯ ಕರಗ ಹೊರಡುತ್ತದೆ. ಹೊತ್ತವರು ಸೀರೆ ಉಟ್ಟು ಬಳೆ ತೊಟ್ಟ ಗಂಡಸು, ಸುತ್ತ ಕತ್ತಿ ಹಿಡಿದ ವೀರಕುಮಾರರು, ಪೇಟೆಯ ತುಂಬ ಗೋವಿಂದ ಗೋವಿಂದ. ಈ ಹಬ್ಬವನ್ನು ತಲೆಮಾರುಗಳಿಂದ ತಲೆಯ ಮೇಲೆ ಹೊತ್ತು ತಂದವರು ತಿಗಳರು. ಹೂವು, ತರಕಾರಿ, ತೋಟದ ಕೆಲಸದಲ್ಲಿ ಹೆಸರಾದ ಜನ. ಅವರ ಮನೆಗಳಲ್ಲಿ ಕನ್ನಡ ಉಂಟು, ತಮಿಳು ಉಂಟು, ತೆಲುಗೂ ಉಂಟು. ಕರಗ ಹೊರಟ ಮೇಲೆ ದಾರಿಯಲ್ಲಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುತ್ತದೆ. 2022ರಲ್ಲಿ ‘ಅಲ್ಲಿಗೆ ಹೋಗಬೇಡಿ’ ಎಂದು ಕೆಲವರು ಎದ್ದರು. ಕರಗದವರು ಸಂಪ್ರದಾಯ ಬಿಡಲಿಲ್ಲ, ಹೋಗಿ ಬಂದರು.

ಇದರಲ್ಲಿ ಕನ್ನಡದ ಪಾಠ ಏನು? ಬೆಂಗಳೂರಿನ ಪೇಟೆ ಎಂದೂ ಒಂದೇ ಭಾಷೆಯ ಪೇಟೆಯಾಗಿರಲಿಲ್ಲ. 2011ರ ಜನಗಣತಿಯಲ್ಲೂ ಈ ಊರಿನಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಈ ಅಂಕಿ ಹಿಡಿದು ‘ಅಯ್ಯೋ ಕನ್ನಡ ಹೋಯಿತು’ ಎಂದು ಎದೆ ಬಡಿದುಕೊಳ್ಳುವವರು ಬಹಳ. ಹೋಗಲಿಲ್ಲ! ಮನೆಯಲ್ಲಿ ಯಾವ ಮಾತೇ ಇರಲಿ, ಬೀದಿಯಲ್ಲಿ, ಸಂತೆಯಲ್ಲಿ, ಹಬ್ಬದಲ್ಲಿ ಎಲ್ಲರನ್ನೂ ಕೂಡಿಸುವ ಮಾತು ಕನ್ನಡವಾಗಿದ್ದರೆ ರಾಜಧಾನಿ ನಮ್ಮದು. ಆ ಕೂಡಿಸುವ ಕೆಲಸವನ್ನು ಹಿಂದಿಗೋ ಇಂಗ್ಲಿಷಿಗೋ ಬಿಟ್ಟುಕೊಟ್ಟ ದಿನ, ಮನೆ ಮನೆಯಲ್ಲಿ ಕನ್ನಡ ಮಾತಾಡಿದರೂ ರಾಜಧಾನಿ ಕೈ ತಪ್ಪಿದ ಹಾಗೆಯೇ. ಇಂದು ನಿಜವಾದ ಪಣ ಇರುವುದು ಇದರ ಮೇಲೆ.

ಹೆಸರಿನಲ್ಲೇ ಸೋತರೆ?

ಹೊಸ ಬೆಂಗಳೂರು ಹೊಸ ಹಬ್ಬಗಳನ್ನು ಕಟ್ಟುತ್ತಿದೆ. ಕಟ್ಟಲಿ, ಸಂತೋಷ. 2003ರಲ್ಲಿ ‘ಬೆಂಗಳೂರು ಹಬ್ಬ’ ಎಂದು ಒಂದು ಉತ್ಸವ ಶುರುವಾಗಿ ಕೆಲವು ವರ್ಷ ನಡೆದು ನಿಂತಿತು. 2014ರ ನವೆಂಬರ್ 1ರಂದು ಊರಿನ ಹೆಸರೇ ಅಧಿಕೃತವಾಗಿ ಬೆಂಗಳೂರು ಎಂದಾಯಿತು. ಅದಾಗಿ ಒಂಬತ್ತು ವರ್ಷಕ್ಕೆ, 2023ರ ಡಿಸೆಂಬರಿನಲ್ಲಿ ಊರ ತುಂಬ ನಡೆದ ದೊಡ್ಡ ಕಲಾ ಉತ್ಸವಕ್ಕೆ ಇಟ್ಟ ಹೆಸರೇನು ಗೊತ್ತೇ? ‘ಬಿಎಲ್‌ಆರ್ ಹಬ್ಬ’! ಬಿಎಲ್‌ಆರ್ ಎಂಬುದು ವಿಮಾನದ ಸಾಮಾನಿಗೆ ಕಟ್ಟುವ ಚೀಟಿಯ ಮೇಲಿನ ಗುರುತು. ಅಲ್ಲಿ ಒಳ್ಳೆಯ ಕಾರ್ಯಕ್ರಮಗಳಿದ್ದವು, ಕನ್ನಡದ ಕಲಾವಿದರೂ ಇದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಬ್ಬ ಎಂಬ ಅಚ್ಚಗನ್ನಡದ ಮಾತಿನ ಪಕ್ಕ ಊರಿನ ಹೆಸರನ್ನು ಪೂರ್ತಿ ಬರೆಯಲು ಏನು ಕಷ್ಟ ಸ್ವಾಮಿ? 2025ರಲ್ಲಿ ಪಾಲಿಕೆಯನ್ನು ಐದು ಮಾಡಿ ಮೇಲೊಂದು ಪ್ರಾಧಿಕಾರ ಕೂರಿಸಿದಾಗ ಸರ್ಕಾರಕ್ಕೂ ‘ಗ್ರೇಟರ್’ ಎಂಬ ಮಾತೇ ಬೇಕಾಯಿತು. ಬೃಹತ್ ಹೋಯಿತು, ಗ್ರೇಟರ್ ಬಂತು!

ಅದೇ ಊರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಪ್ರತಿ ಜನವರಿಯಲ್ಲಿ ‘ಚಿತ್ರಸಂತೆ’ ನಡೆಸುತ್ತಾರೆ. ದೇಶದ ಮೂಲೆ ಮೂಲೆಯಿಂದ ಕಲಾವಿದರು ಬಂದು ಪಾದಚಾರಿ ದಾರಿಯ ಮೇಲೆ ಚಿತ್ರ ಹರಡಿ ಕೂರುತ್ತಾರೆ. ಯಾವ ರಾಜ್ಯದವನೂ ಅದನ್ನು ‘ಆರ್ಟ್ ಫೇರ್’ ಎನ್ನುವುದಿಲ್ಲ, ನಾಲಿಗೆ ಹೊರಳದಿದ್ದರೂ ‘ಚಿತ್ರಸಂತೆ’ ಎಂದೇ ಅನ್ನುತ್ತಾನೆ. ಯಾಕೆಂದರೆ ಇಟ್ಟವರು ನಾಚಿಕೆಯಿಲ್ಲದೆ ಕನ್ನಡದ ಹೆಸರಿಟ್ಟರು. ನೀವು ಇಟ್ಟ ಹೆಸರನ್ನು ಲೋಕ ಕರೆಯುತ್ತದೆ. ಇಡುವ ಧೈರ್ಯ ನಿಮಗಿರಬೇಕು ಅಷ್ಟೇ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನೂ ಮರೆಯಬಾರದು. ವರ್ಷಕ್ಕೆರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ. 2017ರಲ್ಲಿ ಹೂವಿನಲ್ಲಿ ಕುವೆಂಪು ಅವರ ಕವಿಮನೆ ಎದ್ದಿತ್ತು. 2022ರಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನಕಾರರು. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಹೂವು ನೋಡಲು ಬಂದ ಲಕ್ಷಾಂತರ ಜನರಲ್ಲಿ ‘ಇವರು ಯಾರು?’ ಎಂದು ಕೇಳಿದವರು ಬಹಳ ಇದ್ದಿರಬೇಕು. ಪಕ್ಕದಲ್ಲಿ ನಿಂತ ನಮ್ಮ ಮಲೆನಾಡಿನ ಹುಡುಗ ಎರಡು ಮಾತು ಹೇಳಿದನೋ, ಇಲ್ಲವೇ ತನ್ನ ಫೋಟೋ ತೆಗೆದುಕೊಂಡು ಮುಂದೆ ಹೋದನೋ? ಹಬ್ಬ ಅವಕಾಶ ಕೊಡುತ್ತದೆ. ಮಾತಾಡುವ ಕೆಲಸ ನಿಮ್ಮದು.

ಹಬ್ಬ ಬಂದರೆ ಊರು ಬಿಡುವವರು

ಇಲ್ಲಿ ನಿಮಗೆ ಸ್ವಲ್ಪ ಖಾರವಾದ ಮಾತು. ಗೌರಿ ಗಣೇಶ ಬಂತು, ದಸರೆ ಬಂತು, ದೀಪಾವಳಿ ಬಂತು ಎಂದರೆ ಮೆಜೆಸ್ಟಿಕ್ಕಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಚ್ಚುವರಿ ಬಸ್ಸು ಬಿಟ್ಟರೂ ಸಾಲದು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಬರುವ ಹುಡುಗರನ್ನು ಬೆಳಗಿನ ಜಾವ ನಾವು ನೋಡುತ್ತೇವೆ. ತಾಯಿ ತಂದೆಯನ್ನು ಕಾಣಲು ಬರುವುದು ಧರ್ಮ, ಬನ್ನಿ. ಆದರೆ ನೀವು ಬಿಟ್ಟು ಬಂದ ಬೆಂಗಳೂರಿನಲ್ಲಿ ಅಂದು ಹಬ್ಬ ಮಾಡುವವರು ಯಾರು? ಹೋಗಲು ಬೇರೆ ಊರಿಲ್ಲದವರು, ದೂರದ ರಾಜ್ಯದವರು. ಅವರು ತಮಗೆ ಗೊತ್ತಿದ್ದ ಹಾಗೆ ಮಾಡುತ್ತಾರೆ. ಅಪಾರ್ಟ್‌ಮೆಂಟಿನ ಗಣಪತಿಗೆ ‘ಬಪ್ಪಾ ಮೋರಯಾ’ ಘೋಷಣೆ, ಹಿಂದಿ ಸಿನಿಮಾದ ಹಾಡು. ನಮ್ಮಲ್ಲಿ ಗಣಪತಿ ಒಬ್ಬನೇ ಬರುವುದಿಲ್ಲ, ಹಿಂದಿನ ದಿನವೇ ತಾಯಿ ಗೌರಿ ಬಂದಿರುತ್ತಾಳೆ, ಮೊರದ ಬಾಗಿನ ಕೊಡಬೇಕು, ಮಕ್ಕಳು ಮನೆ ಮನೆಗೆ ಹೋಗಿ ಗಣಪತಿ ನೋಡಿ ಅಕ್ಷತೆ ಹಾಕಿ ಬರಬೇಕು ಎಂದು ಅವರಿಗೆ ಹೇಳಿದವರು ಯಾರು? ಹೇಳಬೇಕಾದವನು ಬಸ್ಸಿನಲ್ಲಿದ್ದ! ಅವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?

ನಮ್ಮ ಮಲೆನಾಡಿನ ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆ ಎಂಬುದೊಂದಿದೆ. ನಿಮ್ಮ ಅಜ್ಜನನ್ನು ಕೇಳಿ, ಹೇಳುತ್ತಾರೆ. ಹತ್ತಾರು ಜನ ಸೇರಿ, ಹೊತ್ತಿಸಿದ ದೀಪವನ್ನು ಆರದ ಹಾಗೆ ಕೈಯಲ್ಲಿ ಕಾಪಾಡಿಕೊಂಡು, ರಾತ್ರಿಯಿಡೀ ಮನೆಯಿಂದ ಮನೆಗೆ, ಗುಡ್ಡ ಹತ್ತಿ ಹಳ್ಳ ದಾಟಿ ಹಾಡುತ್ತ ಹೋಗುವುದು. ಬಾಗಿಲಲ್ಲಿ ನಿಂತು ಹಾಡಿದರೆ ಮನೆಯವರು ಎದ್ದು ಬಂದು ತಮ್ಮ ದೀಪವನ್ನು ಆ ದೀಪಕ್ಕೆ ಸೇರಿಸುತ್ತಾರೆ, ಅಕ್ಕಿ ಕಾಯಿ ಕೊಡುತ್ತಾರೆ. ಅಲ್ಲಿ ವೇದಿಕೆಯಿಲ್ಲ, ಮುಖ್ಯ ಅತಿಥಿಯಿಲ್ಲ, ಫ್ಲೆಕ್ಸಿಲ್ಲ, ರಸೀದಿ ಪುಸ್ತಕವೂ ಇಲ್ಲ. ದೀಪವೇ ಮನೆ ಬಾಗಿಲಿಗೆ ನಡೆದು ಹೋಗುತ್ತದೆ. ಇಂಥ ಹಬ್ಬದ ಮಕ್ಕಳು ನೀವು, ರಾಜಧಾನಿಗೆ ಹೋದ ಮೇಲೆ ಕುರ್ಚಿ ಹಾಕಿ ಕೂತು ಚಪ್ಪಾಳೆ ಹೊಡೆಯುವವರಾದಿರಲ್ಲ!

‘ಹೊಟ್ಟೆಗೆ ಉದ್ಯೋಗ ಬೇಕು, ಹಬ್ಬದಿಂದ ಕನ್ನಡ ಉಳಿಯುತ್ತದೆಯೇ?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಉದ್ಯೋಗದ ಹೋರಾಟ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ನಾಮಫಲಕದ ಹೋರಾಟವೂ ಬೇಕಾಗಿತ್ತು. 2023ರ ಡಿಸೆಂಬರಿನಲ್ಲಿ ಜನ ಬೀದಿಗಿಳಿದರು, 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಫಲಕದಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯವಾಯಿತು. ಆದರೆ ಯೋಚಿಸಿ. ಕಾನೂನು ಫಲಕದ ಮೇಲೆ ಕನ್ನಡ ಬರೆಸಬಲ್ಲದು, ಅಂಗಡಿಯವನ ಬಾಯಲ್ಲಿ ಕನ್ನಡ ಬರಿಸಲಾರದು. ದಂಡಕ್ಕೆ ಹೆದರಿ ಬರೆದ ಅಕ್ಷರ ಗೋಡೆಯ ಮೇಲಿರುತ್ತದೆ. ಕೊಸರಿನ ಆಸೆಗೆ ಕಲಿತ ಮಾತು ನಾಲಿಗೆಯ ಮೇಲಿರುತ್ತದೆ. ಎರಡೂ ಬೇಕು. ಮೊದಲನೆಯದಕ್ಕೆ ಸರ್ಕಾರವನ್ನು ಹಿಡಿದು ಅಲುಗಿಸಬೇಕು. ಎರಡನೆಯದಕ್ಕೆ ನಾವೇ ಇಳಿಯಬೇಕು.

ಏನು ಮಾಡಬೇಕು?

ಭಾಷಣ ಸಾಕು, ಕೆಲಸ ಹೇಳಿ ಎನ್ನುತ್ತೀರಾ? ಹೇಳುತ್ತೇವೆ, ಬರೆದುಕೊಳ್ಳಿ.

ಒಂದು: ನಿಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಕಲಾವಿದರ ಹೆಸರು ಗಣ್ಯರ ಹೆಸರಿಗಿಂತ ಮೇಲೆ ಬರಲಿ. ಡೊಳ್ಳು, ವೀರಗಾಸೆ, ಕಂಸಾಳೆ, ಯಕ್ಷಗಾನದ ತಂಡವನ್ನು ಊರಿಂದ ಕರೆಸಿ, ಬಸ್ ಖರ್ಚಿಗೆ ಸತಾಯಿಸದೆ, ಒಪ್ಪಿದ ಸಂಭಾವನೆಯನ್ನು ವೇದಿಕೆ ಇಳಿಯುವ ಮೊದಲೇ ಕೈಗಿಡಿ. ಅವರನ್ನು ಮೆರವಣಿಗೆಯಲ್ಲಿ ಬಿಸಿಲಿಗೆ ನಡೆಸಿ, ವೇದಿಕೆಯನ್ನು ಮಾತ್ರ ಆರ್ಕೆಸ್ಟ್ರಾಕ್ಕೆ ಕೊಡುವ ಅನ್ಯಾಯ ನಿಲ್ಲಲಿ.

ಎರಡು: ರಸೀದಿ ಪುಸ್ತಕ ಹಿಡಿದು ಅಂಗಡಿಯವನನ್ನು ಹೆದರಿಸುವುದು ಕನ್ನಡ ಸೇವೆಯಲ್ಲ, ಸುಲಿಗೆ. ಕೊಟ್ಟಷ್ಟು ತೆಗೆದುಕೊಳ್ಳಿ. ಹಬ್ಬ ಮುಗಿದ ವಾರದೊಳಗೆ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಅದೇ ಅಂಗಡಿಯ ಬಾಗಿಲಿಗೆ ಅಂಟಿಸಿ. ಮುಂದಿನ ವರ್ಷ ಅವನೇ ಕರೆದು ಕೊಡುತ್ತಾನೆ. ಕನ್ನಡ ಎಂದರೆ ಭಯ ಎಂಬ ಮಾತು ಅಳಿಸದೆ, ಕನ್ನಡ ಎಂದರೆ ಪ್ರೀತಿ ಎಂಬ ಮಾತು ಹುಟ್ಟುವುದಿಲ್ಲ.

ಮೂರು: ವರ್ಷಕ್ಕೆ ಒಂದು ಹಬ್ಬವನ್ನು ಹಿಡಿಯಿರಿ. ಪರಿಷೆಯಾಗಲಿ, ಕರಗವಾಗಲಿ, ರಾಮನವಮಿಯ ಪಾನಕದ ಚಪ್ಪರವಾಗಲಿ. ನೋಡಲು ಹೋಗಬೇಡಿ, ಕೆಲಸಕ್ಕೆ ಹೋಗಿ. ನೀರು ಕೊಡಿ, ದಾರಿ ತೋರಿಸಿ, ಕಸ ಎತ್ತಿ. ಆ ಹಬ್ಬದ ಕಥೆಯನ್ನು ಒಂದು ಪುಟದ ಕರಪತ್ರದಲ್ಲಿ ಸರಳ ಕನ್ನಡದಲ್ಲಿ ಹಂಚಿ. ಬೇರೆ ಭಾಷೆಯವರಿಗೆ ಓದಿ ಹೇಳಿ. ಪಕ್ಕದಲ್ಲಿ ಹತ್ತು ಮಾತು ಕಲಿಸಿ: ಎಷ್ಟು, ಬೇಕು, ಸಾಕು, ಕೊಡಿ, ಚೆನ್ನಾಗಿದೆ. ಇಷ್ಟು ಬಂದರೆ ಉಳಿದದ್ದು ತಾನೇ ಬರುತ್ತದೆ.

ನಾಲ್ಕು: ಅಪಾರ್ಟ್‌ಮೆಂಟಿನ ಹಬ್ಬದ ಸಮಿತಿಗೆ ಸೇರಿ. ‘ನಮ್ಮನ್ನು ಕರೆಯಲಿಲ್ಲ’ ಎಂದು ಮುನಿಸಿಕೊಂಡು ಕೂರಬೇಡಿ, ನಮ್ಮ ಊರಿನಲ್ಲಿ ನಮ್ಮನ್ನು ಕರೆಯುವವರು ಯಾರು? ಮೈಕು ನಿಮ್ಮ ಕೈಯಲ್ಲಿರಲಿ, ಘೋಷಣೆ ಮೊದಲು ಕನ್ನಡದಲ್ಲಿ ಆಗಲಿ. ಗಣಪತಿಯ ಜೊತೆ ಗೌರಿಯೂ ಬರಲಿ, ಯುಗಾದಿಯ ಬೇವು ಬೆಲ್ಲ ಎಲ್ಲ ಮನೆಗೂ ಹೋಗಲಿ.

ಐದು: ರವೀಂದ್ರ ಕಲಾಕ್ಷೇತ್ರ, ರಂಗಶಂಕರಗಳಲ್ಲಿ ಕನ್ನಡ ನಾಟಕಕ್ಕೆ ಟಿಕೆಟ್ ಕೊಂಡು ಹೋಗಿ. ಪುಕ್ಕಟೆ ಪಾಸು ಕೇಳಬೇಡಿ. ಹೋಗುವಾಗ ಕನ್ನಡ ಬಾರದ ಒಬ್ಬ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿ. ತಿಂಗಳಿಗೆ ಒಂದು ನಾಟಕ, ವರ್ಷಕ್ಕೆ ಹನ್ನೆರಡು. ಸಿನಿಮಾಕ್ಕೆ ಸುರಿಯುವ ದುಡ್ಡಿನ ಮುಂದೆ ಇದು ಎಷ್ಟು?

ಆರು: ಬಾವುಟ ಏರಿಸಿದವರೇ ಇಳಿಸಬೇಕು. ಡಿಸೆಂಬರ್ ಒಂದರಂದು ಹರಿದ ಬಾವುಟ ಒಂದೂ ಕಂಬದ ಮೇಲೆ ಕಾಣಬಾರದು.

ಇದರಲ್ಲಿ ಯಾವುದಕ್ಕೂ ಸರ್ಕಾರದ ಅಪ್ಪಣೆ ಬೇಡ, ಮಂತ್ರಿಯ ಭರವಸೆ ಬೇಡ, ಪೊಲೀಸರ ಲಾಠಿಯ ಭಯವೂ ಇಲ್ಲ. ಬೇಕಾದದ್ದು ಒಂದು ರಜಾ ದಿನ, ಸ್ವಲ್ಪ ಬೆವರು, ನಾಚಿಕೆಯಿಲ್ಲದೆ ಕನ್ನಡ ಆಡುವ ನಾಲಿಗೆ. 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದನ್ನು ಹಿರಿಯರು ಮಾಡಿಕೊಟ್ಟು ಹೋದರು. ರಾಜಧಾನಿಯ ಬೀದಿಯನ್ನು ಕನ್ನಡದಲ್ಲಿ ಒಂದು ಮಾಡುವ ಕೆಲಸ ಬಾಕಿ ಉಳಿದಿದೆ, ಅದು ನಿಮ್ಮ ಪಾಲಿನದು.

ಈ ಸಲ ಪೆಂಡಾಲು ಬಿಚ್ಚಿದ ಮೇಲೆ ಮನೆಗೆ ಹೋಗಿ ಮಲಗಬೇಡಿ. ಪಂಚಾಂಗ ತೆಗೆದು ಕಾರ್ತಿಕದ ಕಡೆಯ ಸೋಮವಾರ ಯಾವತ್ತು ಎಂದು ಗುರುತು ಹಾಕಿಕೊಳ್ಳಿ. ಬಸವನಗುಡಿಯಲ್ಲಿ ರೈತರು ಮೂಟೆ ಇಳಿಸುವಾಗ ಹೆಗಲು ಕೊಡಲು ಹತ್ತು ಜನ ಕನ್ನಡದ ಹುಡುಗರು ಇದ್ದರು ಎಂಬ ಸುದ್ದಿ ನಮಗೆ ಮುಟ್ಟಲಿ. ಆ ಸುದ್ದಿಯನ್ನು ಯಾರ ಮುಖವೂ ಇಲ್ಲದೆ, ದಪ್ಪಕ್ಷರದಲ್ಲಿ, ಒಂದು ಕಾಗುಣಿತದ ತಪ್ಪೂ ಇಲ್ಲದೆ ಅಚ್ಚು ಹಾಕುವ ಹೊಣೆ ನಮ್ಮದು.